ಮೂರನೆಯ ಸಭೆ

ಚಿಸೊಂಗೊ ದಂಡೆ
14 ಆಗಸ್ಟ್ 2014

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆ ಎನೆಲೆಸಿಯ ನಮಸ್ಕಾರ. ರುಂಫಿಯ ನಿಮ್ಮ ಬೆಟ್ಟಕ್ಕೆ ಫೋನು ಹತ್ತುವ ತನಕ ನಮ್ಮಿಬ್ಬರಿಗೂ ಅಂಚೆಯೇ ಗತಿ. ನೀವು ಟೀಚರ್ ಆಗಿದ್ದವರು, ಅಕ್ಷರ ತಪ್ಪಿದರೆ ಬೈಯಬೇಡಿ.

ನಾನು ಗೆದ್ದ ಮೇಲೆ ಕೌನ್ಸಿಲ್ಲಿನ ಮೊದಲ ಸಭೆ ಮುಗಿಯಿತು. ಅಷ್ಟು ಗಂಡಸರ ನಡುವೆ ಹೆಂಗಸರು ನಾವು ಇಬ್ಬರೇ. ನಿಮ್ಮ ಮಗ ಸಾರ್ವಜನಿಕರ ಬೆಂಚಿನಲ್ಲಿ ಮುಂದಿನ ಸಾಲಿನಲ್ಲೇ ಕುಳಿತಿದ್ದರು. ನನಗಾಗಿ ಹತ್ತಿ ಕಂಪನಿಯ ಕೆಲಸವನ್ನೇ ಬಿಟ್ಟಿದ್ದಾರೆ. ಕಾರು ಓಡಿಸುವುದು ಅವರೇ, ಭಾಷಣ ಬರೆದುಕೊಡುವುದೂ ಅವರೇ. ನನ್ನ ಫೋನೂ ಅವರ ಜೇಬಿನಲ್ಲೇ ಇರುತ್ತದೆ. "ದಿನಾ ನೂರು ಜನ ಮಾಡ್ತಾರೆ. ಯಾರ್‍ಯಾರಿಗೆ ಅಂತ ಉತ್ತರ ಕೊಡ್ತೀಯ? ನನಗೆ ಬಿಡು," ಅಂದರು. ದಾರಿಯಲ್ಲಿ ಜನ ಅವರನ್ನೇ "ಕೌನ್ಸಿಲರ್" ಎಂದು ಕರೆಯುತ್ತಾರೆ. ನಾವಿಬ್ಬರೂ ನಗುತ್ತೇವೆ.

ಒಂದು ಸಣ್ಣ ಸಂಗತಿ. ಸರೋವರದ ದಂಡೆಯಲ್ಲಿ ಉಸಿಪಾ ಎಂಬ ಸಣ್ಣ ಮೀನು ಒಣಗಿಸುವ ಹೆಂಗಸರಿಗೆ ಕೊಳವೆಬಾವಿ ಬೇಕು ಎಂದು ಹೇಳಲು ಎದ್ದಿದ್ದೆ. ಭಾಷಣದ ಹಾಳೆಯಲ್ಲಿ ಅದಿರಲಿಲ್ಲ. ನಿಮ್ಮ ಮಗ ಬೆಂಚಿನಿಂದ ಕೆಮ್ಮಿದರು. ತಿರುಗಿ ನೋಡಿದೆ. ಕೂತ್ಕೋ ಎಂದು ಕಣ್ಣಲ್ಲೇ ಹೇಳಿದರು. ಕೂತೆ. ಆ ಹೆಂಗಸರ ಮುಂದಾಳು ಅಬಿತಿ ಸೈದಿ ಮರುದಿನ ಸಿಕ್ಕಿ, "ಏನವ್ವಾ, ನಾವು ಓಟು ಹಾಕಿದ್ದು ನಿನಗೋ, ಕೆಮ್ಮಿಗೋ?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ತೆಮ್ವಾಗೆ ಆರು ತುಂಬಿತು. ಅಜ್ಜಿ ಯಾವಾಗ ಬರುತ್ತಾಳೆ ಎಂದು ಕೇಳುತ್ತಿದ್ದಾಳೆ.

ನಿಮ್ಮ
ಎನೆಲೆಸಿ

*

ರುಂಫಿ ಬೆಟ್ಟ
2 ಸೆಪ್ಟೆಂಬರ್ 2014

ಮಗಳೇ ಎನೆಲೆಸಿ,

ನಿನ್ನ ಕಾಗದವನ್ನು ಚರ್ಚಿನ ಹೆಂಗಸರಿಗೆಲ್ಲ ಓದಿ ಹೇಳಿದೆ. ಹೆಂಡತಿಗಾಗಿ ಕೆಲಸ ಬಿಡುವ ಗಂಡನನ್ನು ನಾವು ಎಲ್ಲಿ ಕಂಡಿದ್ದೇವೆ? ನನ್ನ ಮೂವರು ಸೊಸೆಯರಲ್ಲಿ ಪುಣ್ಯವಂತೆ ನೀನೇ. ನನ್ನ ಮಗ ಖುಂಬೊ ಅವನ ಅಪ್ಪನ ಪಡಿಯಚ್ಚು. ನನ್ನ ಯಜಮಾನರು ಪಕ್ಷದಲ್ಲಿ ದೊಡ್ಡ ಮನುಷ್ಯ, ಸಾವಿರ ಕೆಲಸ ಇದ್ದವರು. ಆದರೂ ಇಪ್ಪತ್ತಾರು ವರ್ಷ ನನ್ನನ್ನು ಎಲ್ಲಿಗೂ ಒಂಟಿಯಾಗಿ ಹೋಗಲು ಬಿಡಲಿಲ್ಲ. ಅಷ್ಟು ಕಾಳಜಿ.

ಅವನು ಕೆಮ್ಮಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಸಭೆಯಲ್ಲಿ ಎಲ್ಲಿ ಬಾಯಿ ತೆರೆಯಬೇಕು, ಎಲ್ಲಿ ಮುಚ್ಚಬೇಕು ಎನ್ನುವುದು ಅವನಿಗೆ ಗೊತ್ತಿರುತ್ತದೆ. ಮೀನಿನವಳ ಜೊತೆ ಅಷ್ಟೊಂದು ಸಲಿಗೆಯೂ ಬೇಡ. ಒಂದು ಕಾಗುಣಿತ ತಪ್ಪಿತ್ತು, ತಿದ್ದಿಕೊಂಡು ಓದಿದೆ.

ತೆಮ್ವಾಗೆ ಮುತ್ತು.

ಎಸ್ನಾತ್

*

ಚಿಸೊಂಗೊ ದಂಡೆ
23 ನವೆಂಬರ್ 2014

ಅತ್ತೆಯವರಿಗೆ,

ಇಷ್ಟು ದಿನ ಬರೆಯದಿದ್ದದ್ದಕ್ಕೆ ಕ್ಷಮಿಸಿ. ಇದನ್ನು ಕ್ಲಿನಿಕ್ಕಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ನರ್ಸ್ ಲಿಗ್ನೆಟ್ ನನ್ನ ಶಾಲೆಯ ಗೆಳತಿ, ಅಂಚೆಗೆ ಅವಳೇ ಹಾಕುತ್ತಾಳೆ. ತೆಮ್ವಾಗೆ ನೆಗಡಿ ಎಂದು ಹೇಳಿ ಬಂದಿದ್ದೇನೆ.

ಮೀನು ಒಣಗಿಸುವ ಜಾಗವನ್ನು ಹೋಟೆಲು ಕಟ್ಟುವವರೊಬ್ಬರಿಗೆ ಕೊಡಬೇಕೆಂದು ಪಕ್ಷದ ಚೇರ್ಮನ್ ಕಲುವಾ ಹಟ ಹಿಡಿದಿದ್ದಾನೆ. ಮಾತುಕತೆ ನಡೆದದ್ದು ನಮ್ಮ ಜಗಲಿಯಲ್ಲೇ. ನಾನು ಚಹಾ ತಂದೆ. "ಕೌನ್ಸಿಲರ್ ಕೈ ಎತ್ತುತ್ತಾರೆ ತಾನೆ?" ಎಂದು ಕಲುವಾ ಕೇಳಿದ್ದು ನಿಮ್ಮ ಮಗನನ್ನು. "ಎತ್ತುತ್ತಾಳೆ," ಎಂದರು ಇವರು. ನಾನು ತಟ್ಟೆ ಹಿಡಿದುಕೊಂಡೇ, "ಎತ್ತಲ್ಲ," ಅಂದೆ. ಅದು ಹೇಗೆ ಬಾಯಿಂದ ಬಂತೋ ಗೊತ್ತಿಲ್ಲ. ಕಲುವಾ ನಕ್ಕು, "ಮನೇಲಿ ಮೊದಲು ಚುನಾವಣೆ ಮಾಡ್ಕೊಳ್ಳಪ್ಪಾ," ಎಂದು ಇವರ ಹೆಗಲು ತಟ್ಟಿ ಹೋದ.

ಹನ್ನೊಂದು ದಿನ ನಿಮ್ಮ ಮಗ ನನ್ನೊಡನೆ ಮಾತಾಡಲಿಲ್ಲ. ನಾನು ಬೇಯಿಸಿದ ನ್ಸಿಮಾ ಮುದ್ದೆ ಮುಟ್ಟಲಿಲ್ಲ. ತೆಮ್ವಾಳ ಹತ್ತಿರ, "ನಿಮ್ಮಮ್ಮನಿಗೆ ಹೇಳು," ಎನ್ನುತ್ತಿದ್ದರು, ನಾನು ಎದುರಿಗೇ ಇರುತ್ತಿದ್ದೆ. ಹನ್ನೆರಡನೆಯ ದಿನ ಸಭೆ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಾರು ಹೋಗಿತ್ತು. ನನಗೆ ಮಲೇರಿಯಾ ಎಂದು ಅಲ್ಲಿ ಹೇಳಿದ್ದಾರೆ. ಸಂಜೆ ಜನ ಕಿತ್ತಳೆ ಹಿಡಿದು ನೋಡಲು ಬಂದರು, ಹಣೆ ಮುಟ್ಟಿದರು. ಏನು ಹೇಳಲಿ? ನಾಚಿಕೆಯಾಗಿ ಹೊದ್ದು ಮಲಗಿಬಿಟ್ಟೆ.

ಅವರು ಕೇಳುವುದು ನಿಮ್ಮ ಮಾತೊಂದನ್ನೇ. ಒಮ್ಮೆ ಹೇಳಿ ನೋಡಿ. ನಾನು ಬರೆದೆ ಎಂದು ಮಾತ್ರ ಹೇಳಬೇಡಿ.

ನಿಮ್ಮ
ಎನೆಲೆಸಿ

*

ರುಂಫಿ ಬೆಟ್ಟ
5 ಜನವರಿ 2015

ಮಗಳೇ,

ಕ್ರಿಸ್‌ಮಸ್ಸಿಗೆ ಖುಂಬೊ ತೆಮ್ವಾಳನ್ನು ಕರೆದುಕೊಂಡು ಬಂದಿದ್ದ. ನೀನು ಬರಲಾರದಷ್ಟು ನಿತ್ರಾಣವಾಗಿದ್ದೀಯ ಎಂದ. ಊಟಕ್ಕೆ ಕುಳಿತವನು ಕೈ ತೊಳೆಯದೆ ಎದ್ದು ಹೋಗಿ ಹಿತ್ತಿಲಲ್ಲಿ ಅತ್ತ. ಈ ವಯಸ್ಸಿನಲ್ಲಿ ಮಗ ಅಳುವುದನ್ನು ನೋಡುವುದು ಕಷ್ಟ. ನಿನಗೆ ನಿದ್ದೆಯಿಲ್ಲವಂತೆ, ಒಬ್ಬಳೇ ಮಾತಾಡುತ್ತೀಯಂತೆ, ಕಲುವಾನಂಥ ಹಿರಿಯರ ಎದುರು ಕೂಗಾಡಿದೆಯಂತೆ. "ಅಮ್ಮಾ, ಅವಳು ನನ್ನ ಮೇಲೆ ಏನೇನೋ ಕಟ್ಟಿಕೊಂಡು ಹೇಳ್ತಾಳೆ. ನಿನಗೂ ಬರೆದಿರಬೇಕು," ಎಂದ.

ಗಂಡ ಹೆಂಡಿರ ನಡುವೆ ಗುಟ್ಟು ಇರಬಾರದು. ನಿನ್ನ ಕಾಗದವನ್ನು ಅವನ ಕೈಗೆ ಕೊಟ್ಟೆ. ಓದಿದ. ಮಡಿಸಿ ಜೇಬಿಗೆ ಹಾಕಿಕೊಂಡ. ಬೇರೆ ಗಂಡಸಾಗಿದ್ದರೆ ಸಿಟ್ಟಾಗುತ್ತಿದ್ದ.

ನಿನ್ನ ನರಗಳಿಗೆ ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದಾರಂತೆ, ತಪ್ಪದೆ ನುಂಗು. ತೆಮ್ವಾ ಸ್ವಲ್ಪ ದಿನ ನನ್ನ ಹತ್ತಿರ ಇರಲಿ ಎಂದು ಬಿಟ್ಟುಹೋಗಿದ್ದಾನೆ. ನೀನು ಸುಧಾರಿಸಿಕೊಂಡ ಮೇಲೆ ಬಂದು ಕರೆದುಕೊಂಡು ಹೋಗುತ್ತಾನೆ. ಮಗು ಚೆನ್ನಾಗಿ ಊಟ ಮಾಡುತ್ತಿದೆ, ಚಿಂತೆ ಬೇಡ.

ಎಸ್ನಾತ್

*

ಚಿಸೊಂಗೊ ದಂಡೆ
25 ಜನವರಿ 2015

ಮಾನ್ಯ ಅತ್ತೆಯವರ ಸನ್ನಿಧಿಗೆ,

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನನ್ನ ಒಡೆಯರಾದ ಖುಂಬೊ ಅವರು ನನ್ನನ್ನು ಮಗುವಿನಂತೆ ನೋಡಿಕೊಳ್ಳುತ್ತಿದ್ದಾರೆ. ನವೆಂಬರ್ ತಿಂಗಳಲ್ಲಿ ನಾನು ಬರೆದ ಸಂಗತಿಗಳೆಲ್ಲ ಕಾಯಿಲೆಯ ಭ್ರಮೆಯಿಂದ ಬರೆದವು. ಅದಕ್ಕಾಗಿ ಅವರಲ್ಲಿಯೂ ತಮ್ಮಲ್ಲಿಯೂ ಕ್ಷಮೆ ಕೇಳುತ್ತೇನೆ.

ಕೌನ್ಸಿಲ್ಲಿನ ಕೆಲಸ ನನ್ನ ಶರೀರಕ್ಕೆ ಒಗ್ಗುವಂಥದ್ದಲ್ಲ ಎಂಬುದು ನನಗೆ ಮನವರಿಕೆಯಾಗಿದೆ. ಆ ಹೊಣೆಯನ್ನು ಮುಂದೆ ಅವರೇ ಹೊರಲು ಒಪ್ಪಿದರೆ ಅದು ನನ್ನ ಪುಣ್ಯ. ತೆಮ್ವಾ ತಮ್ಮಲ್ಲಿಯೇ ಇರಲಿ. ನನಗೆ ಯಾವ ಚಿಂತೆಯೂ ಇಲ್ಲ.

ತಮ್ಮ ವಿಧೇಯ ಸೊಸೆ,
ಎನೆಲೆಸಿ ಖುಂಬೊ ಗೊಂಡ್ವೆ

*

ರುಂಫಿ ಬೆಟ್ಟ
9 ಫೆಬ್ರುವರಿ 2015

ಮಗಳೇ ಎನೆಲೆಸಿ,

ಇದನ್ನು ಕ್ಲಿನಿಕ್ಕಿನ ವಿಳಾಸಕ್ಕೆ, ಲಿಗ್ನೆಟ್ ಹೆಸರಿಗೆ ಕಳಿಸುತ್ತಿದ್ದೇನೆ. ಲಿಗ್ನೆಟ್, ನೀನು ಯಾರೋ ನನಗೆ ಗೊತ್ತಿಲ್ಲ. ದಯವಿಟ್ಟು ಇದನ್ನು ಅವಳ ಕೈಗೇ ಕೊಡು.

ಜನವರಿಯ ಕಾಗದ ಬಂತು. ಅಕ್ಷರ ನಿನ್ನದು. ಒಂದೂ ತಪ್ಪಿರಲಿಲ್ಲ. ಆರು ವರ್ಷದ ಮಗಳನ್ನು ತಿಂಗಳಿಂದ ನೋಡದ ತಾಯಿ, ಮಗು ಹೇಗಿದೆ ಎಂದು ಒಂದು ಮಾತು ಕೇಳಿರಲಿಲ್ಲ. ಎರಡು ದಿನ ಅದನ್ನು ಸೆರಗಿನಲ್ಲೇ ಕಟ್ಟಿಕೊಂಡು ಓಡಾಡಿದೆ. ಇಂಥ ಕಾಗದವನ್ನು ನಾನೂ ಬರೆದಿದ್ದೇನೆ ಮಗಳೇ. ಅದಕ್ಕೇ ಗುರುತು ಸಿಕ್ಕಿತು.

ಆಗಿನ ಕಾಲದಲ್ಲಿ ದೇಶ ಆಳುತ್ತಿದ್ದ ದೊಡ್ಡವರು ಯಾವ ಊರಿಗೆ ಬಂದರೂ ಹೆಂಗಸರು ಅವರ ಮುಖ ಅಚ್ಚಾದ ಬಟ್ಟೆ ಸುತ್ತಿಕೊಂಡು ಕುಣಿಯಬೇಕಿತ್ತು. ನಮ್ಮ ಕಡೆ ಯಾರು ಬಂದರು, ಯಾರು ಬರಲಿಲ್ಲ ಎಂದು ಬರೆದುಕೊಳ್ಳುತ್ತಿದ್ದವರು ನನ್ನ ಯಜಮಾನರೇ. ಖುಂಬೊ ನಾಲ್ಕು ತಿಂಗಳ ಕೂಸು. ನಮ್ಮನ್ನು ಕುಣಿಯಲು ಕರೆದೊಯ್ಯುವ ಲಾರಿ ಬಂತು. "ಮಗು?" ಅಂದೆ. "ಮಗು ಎಲ್ಲೂ ಓಡಿಹೋಗಲ್ಲ, ಹತ್ತು," ಅಂದರು. ಮೂರು ದಿನ ಕುಣಿದೆ. ಎದೆಯಲ್ಲಿ ಹಾಲು ತುಂಬಿ ರವಿಕೆ ತೊಯ್ಯುತ್ತಿತ್ತು, ಬಿಸಿಲಿಗೆ ಒಣಗುತ್ತಿತ್ತು, ಮತ್ತೆ ತೊಯ್ಯುತ್ತಿತ್ತು. ಯಜಮಾನರು ಸಾಲಿನ ಪಕ್ಕದಲ್ಲಿ ನಡೆಯುತ್ತಾ ನನ್ನ ಹತ್ತಿರ ಬಂದಾಗ, "ನಗು," ಅಂದರು. ಮನೆಗೆ ಬಂದ ಮೇಲೆ ನನ್ನ ಅಮ್ಮನಿಗೆ ಕಾಗದ ಬರೆಯಲು ಕೂರಿಸಿದರು. ಅವರು ಹೇಳಿದರು, ನಾನು ಬರೆದೆ: ನಾಡಿಗಾಗಿ ಕುಣಿದು ಧನ್ಯಳಾದೆ, ನನಗೆ ಯಾವ ಚಿಂತೆಯೂ ಇಲ್ಲ. ಅಮ್ಮ ಅದನ್ನು ನಂಬಿದಳು. ಅಥವಾ ನಂಬಿದ ಹಾಗೆ ಇದ್ದುಬಿಟ್ಟಳು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕಾಳಜಿ ಎಂದು ನಿನಗೆ ಬರೆದೆನಲ್ಲ, ಬರೆಯುವಾಗ ನನಗೂ ಅದು ನಿಜವೆಂದೇ ಅನಿಸಿತ್ತು.

ನಿನ್ನ ಕಾಗದವನ್ನು ಅವನ ಕೈಗೆ ಕೊಟ್ಟವಳು ನಾನು. ಅದರಿಂದ ನಿನಗೆ ಏನಾಯಿತು? ಮುಚ್ಚಿಡದೆ ಬರೆ.

ತೆಮ್ವಾಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಪ್ರತಿದಿನ ನಿನ್ನನ್ನು ಕೇಳುತ್ತಾಳೆ. ಚೆನ್ನಾಗಿ ಊಟ ಮಾಡುತ್ತಾಳೆ ಎಂದಿದ್ದೆ, ಅದು ಸುಳ್ಳು.

ನಿನ್ನ ಅತ್ತೆ,
ಎಸ್ನಾತ್

*

20 ಫೆಬ್ರುವರಿ

ಅತ್ತೆ,

ಬೇಗ ಬರೆಯುತ್ತೇನೆ. ಲಿಗ್ನೆಟ್ ಸೂಜಿ ಚುಚ್ಚಲು ಬಂದವಳ ಹಾಗೆ ಬಂದಿದ್ದಾಳೆ, ಇವರು ಹೊರಗೆ ಜಗಲಿಯಲ್ಲಿದ್ದಾರೆ.

ನನಗೆ ಯಾವ ಕಾಯಿಲೆಯೂ ಇಲ್ಲ. ಆ ಮಾತ್ರೆ ನುಂಗಿದರೆ ಮಧ್ಯಾಹ್ನದ ತನಕ ನಾಲಿಗೆ ತೊದಲುತ್ತದೆ. ಈಗ ದವಡೆಯಲ್ಲಿಟ್ಟುಕೊಂಡು ಆಮೇಲೆ ಉಗಿಯುತ್ತೇನೆ. ನಿಮ್ಮ ಮಗ ನನ್ನ ಮೇಲೆ ಕೈ ಮಾಡಿಲ್ಲ. ಮಾಡಿದ್ದರೆ ತೋರಿಸಲು ಒಂದು ಗುರುತಾದರೂ ಇರುತ್ತಿತ್ತು. ಊರಿಗೆಲ್ಲ ನನಗೆ ತಲೆ ಸರಿಯಿಲ್ಲ ಎಂದು ಹೇಳಿದ್ದಾರೆ, ಯಾರೂ ಬರುವುದಿಲ್ಲ. ಅಬಿತಿ ಸೈದಿ ಎರಡು ಸಲ ಬಂದಳು. "ಮಲಗಿದ್ದಾಳೆ," ಎಂದು ಕಳಿಸಿದರು. ನಾನು ಒಳಗಿನಿಂದ ಕೂಗಬಹುದಿತ್ತು. ಕೂಗಿದರೆ ಹುಚ್ಚಿ ಕೂಗಿದಳು ಅನ್ನುತ್ತಾರೆ.

ಎರಡು ಸಭೆ ತಪ್ಪಿವೆ. ಮೂರನೆಯದೂ ತಪ್ಪಿದರೆ ಸ್ಥಾನ ಖಾಲಿ ಎಂದು ನಿಯಮ. ಮಾರ್ಚ್ 12, ಗುರುವಾರ. ಖಾಲಿಯಾದರೆ ಟಿಕೆಟ್ಟು ಇವರಿಗೇ ಎಂದು ಕಲುವಾ ಮಾತು ಕೊಟ್ಟಿದ್ದಾನೆ. ಮೀನಿನ ಜಾಗದ ಮಾತೂ ಅಂದೇ ಬರುತ್ತದೆ.

ಇಲ್ಲಿಗೆ ಬರಬೇಡಿ. ನಾನು ಸದ್ದು ಮಾಡಿದರೆ ತೆಮ್ವಾಳನ್ನು ಜೊಹಾನ್ಸ್‌ಬರ್ಗಿನಲ್ಲಿರುವ ಅಣ್ಣನ ಮನೆಗೆ ಕಳಿಸುತ್ತೇನೆ ಎಂದಿದ್ದಾರೆ. "ಕನ್ಯಾಶುಲ್ಕ ಕೊಟ್ಟು ತಂದಿದ್ದೀನಿ, ಮಗು ನಮ್ಮ ಮನೆತನದ್ದು," ಎನ್ನುತ್ತಾರೆ.

ಎದ್ದು ಬರುತ್ತಿದ್ದಾರೆ

*

ರುಂಫಿ ಬೆಟ್ಟ
27 ಫೆಬ್ರುವರಿ 2015

ಚಿರಂಜೀವಿ ಖುಂಬೊಗೆ ಅಮ್ಮನ ಆಶೀರ್ವಾದ.

ಒಂದು ವಾರದಿಂದ ನನಗೆ ಎದೆ ಹಿಡಿದುಕೊಳ್ಳುತ್ತಿದೆ. ಇಲ್ಲಿನ ಔಷಧಿಗೆ ಬಗ್ಗುತ್ತಿಲ್ಲ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಗುರುವಾರ ಎದೆಯ ಡಾಕ್ಟರು ಬರುತ್ತಾರಂತೆ, ತೋರಿಸಬೇಕು. ತೆಮ್ವಾಳನ್ನು ಇಲ್ಲಿ ಯಾರ ಬಳಿಯೂ ಬಿಡಲಾರೆ, ಜೊತೆಗೇ ಕರೆತರುತ್ತೇನೆ. 10ನೇ ತಾರೀಕು ಮಂಗಳವಾರ ಬಸ್ಸಿಗೆ ಬಾ.

ನಿನ್ನ ಹೆಂಡತಿಯ ಕಾಗದ ಓದಿ ಸಮಾಧಾನವಾಯಿತು. ಅವಳಿಗೆ ಬುದ್ಧಿ ಬಂದಿದೆ. ನಿನ್ನ ಅಪ್ಪ ಇದ್ದಿದ್ದರೆ ನಿನ್ನ ಬೆನ್ನು ತಟ್ಟುತ್ತಿದ್ದರು.

ನಿನ್ನ ಅಮ್ಮ

*

ಕ್ಲಿನಿಕ್ ವಸತಿ, ಚಿಸೊಂಗೊ ದಂಡೆ
16 ಮಾರ್ಚ್ 2015

ಪ್ರೀತಿಯ ಅತ್ತೆ,

ನೀವು ಸುಖವಾಗಿ ಊರು ಮುಟ್ಟಿದಿರಾ? ಶನಿವಾರ ಬಸ್ಸಿನಲ್ಲಿ ನಿಮ್ಮ ಮುಖ ನೋಡಿ ನನಗೆ ಭಯವಾಗಿತ್ತು. ನಾನೂ ತೆಮ್ವಾಳೂ ಲಿಗ್ನೆಟ್ ಕೊಟ್ಟ ಕೋಣೆಯಲ್ಲೇ ಇದ್ದೇವೆ. ಮಗು ನನ್ನ ಸೆರಗು ಹಿಡಿದುಕೊಂಡೇ ಓಡಾಡುತ್ತದೆ, ಪಾಯಿಖಾನೆಗೆ ಹೋದರೂ ಬಾಗಿಲಲ್ಲಿ ನಿಲ್ಲುತ್ತದೆ.

ಗುರುವಾರ ಕಾರಿನಲ್ಲಿ ನೀವು "ಅಯ್ಯೋ ಎದೆ" ಎಂದಾಗಲೆಲ್ಲ ನಿಜವಾಗಿಯೂ ನೋವೇನೋ ಎಂದು ನನಗೆ ಅನುಮಾನ ಬರುತ್ತಿತ್ತು. "ಆಸ್ಪತ್ರೆಯಲ್ಲಿ ನನ್ನ ಬಟ್ಟೆ ಬಿಚ್ಚೋಕೆ ನೀನು ಬರ್ತೀಯೇನೋ? ಸೊಸೆ ಬರ್ಲಿ," ಎಂದು ಅವರ ಬಾಯಿ ಮುಚ್ಚಿಸಿ ನನ್ನನ್ನು ಹತ್ತಿಸಿಕೊಂಡಿರಿ. ಕೌನ್ಸಿಲ್ ಕಟ್ಟಡದ ಎದುರು, "ನಿಲ್ಲಿಸು, ವಾಂತಿ ಬರ್ತಿದೆ," ಎಂದಿರಿ. ಅವರು ನಿಲ್ಲಿಸಿದರು. ತೆಮ್ವಾಳನ್ನೂ ನನ್ನನ್ನೂ ಕೈ ಹಿಡಿದುಕೊಂಡು ಬಾಗಿಲ ತನಕ ಎಷ್ಟು ಜೋರಾಗಿ ನಡೆದಿರಿ! ಹಿಂದೆ ಅವರು ಕರೆಯುತ್ತಿದ್ದರು. ತಿರುಗಬೇಡ ಎಂದಿರಿ, ತಿರುಗಲಿಲ್ಲ.

ಒಳಗೆ ನಡೆದದ್ದನ್ನು ನಿಮಗೆ ಹೇಳಲೇ ಇಲ್ಲ. ಹಾಜರಿ ಪುಸ್ತಕದಲ್ಲಿ ಸಹಿ ಮಾಡುವಾಗ ಅಕ್ಷರ ಸೊಟ್ಟಗಾಯಿತು. ಗುಮಾಸ್ತ ನನ್ನ ಮುಖ ನೋಡಿ, ಪುಸ್ತಕ ನೋಡಿ, ಅಧ್ಯಕ್ಷರನ್ನು ನೋಡಿದ. ಅಧ್ಯಕ್ಷರು, "ಶ್ರೀಮತಿ ಗೊಂಡ್ವೆಯವರೇ, ನಿಮಗೆ ತಲೆ... ಅಂದ್ರೆ, ಆರೋಗ್ಯ ಸರಿಯಿಲ್ಲ ಅಂತ ಕೇಳಿದ್ವಿ," ಎಂದರು. "ಹೌದಂತೆ. ನಾನೂ ಹಾಗೇ ಕೇಳಿದೆ," ಅಂದೆ. ಯಾರೋ ನಕ್ಕರು. ಆ ನಗುವಿನಿಂದ ನನಗೆ ಉಸಿರು ಬಂತು.

ಮೀನಿನ ಜಾಗದ ಮಾತು ಬಂದಾಗ ಎದ್ದೆ. ಹಾಳೆ ಇರಲಿಲ್ಲ. ಅರ್ಧ ಮರೆತೆ. ಅಬಿತಿ ಸೈದಿಯ ಅಜ್ಜಿಯೂ ಅಲ್ಲೇ ಮೀನು ಒಣಗಿಸಿದವಳು, ಇವರೆಲ್ಲ ನಾಳೆ ಎಲ್ಲಿಗೆ ಹೋಗಬೇಕು ಹೇಳಿ ಎಂದಷ್ಟೇ ಕೇಳಿದೆ. ನಾವು ಸೋತೆವು ಅತ್ತೆ. ನನ್ನ ಜೊತೆ ಕೈ ಎತ್ತಿದವರು ಐವರು. ಜಾಗ ಹೋಯಿತು. ನನ್ನ ಸ್ಥಾನ ಉಳಿಯಿತು.

ಇನ್ನೊಬ್ಬ ಹೆಂಗಸು ಇದ್ದಾಳೆ ಎಂದಿದ್ದೆನಲ್ಲ, ಆಕೆ ಕೈ ಎತ್ತಲಿಲ್ಲ. ಆಮೇಲೆ ಕೈ ತೊಳೆಯುವ ಕಡೆ ನನ್ನ ಪಕ್ಕದಲ್ಲಿ ನಿಂತು, ನಲ್ಲಿ ಜೋರಾಗಿ ಬಿಟ್ಟು, "ನನ್ನ ಫೋನೂ ನನ್ನ ಹತ್ರ ಇಲ್ಲ," ಎಂದಳು. ನಲ್ಲಿ ನಿಲ್ಲಿಸಿ ಹೋದಳು.

ನಾನು ಹೊರಗೆ ಬಂದಾಗ ಕಾರೂ ಇರಲಿಲ್ಲ, ಅವರೂ ಇರಲಿಲ್ಲ. ನೀವು ತೆಮ್ವಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆಂಚಿನಲ್ಲಿದ್ದಿರಿ. ಎರಡು ದಿನ ಜೊತೆಗಿದ್ದರೂ ಏನಾಯಿತೆಂದು ನೀವು ಹೇಳಲಿಲ್ಲ. ನನಗೆ ತಿಳಿಯಬೇಕು.

ನಿಮ್ಮ
ಎನೆಲೆಸಿ

*

ರುಂಫಿ ಬೆಟ್ಟ
30 ಮಾರ್ಚ್ 2015

ಮಗಳೇ,

ಏನಾಯಿತೆಂದರೆ, ಅವನು ನನ್ನ ಮುಂದೆ ನಿಂತು, "ನೀನು ಯಾರ ತಾಯಿ?" ಎಂದು ಕೇಳಿದ. ಜನ ನೋಡುತ್ತಿದ್ದರು. "ನಿನ್ನ ತಾಯಿಯೇ," ಅಂದೆ. "ಹಾಗಾದ್ರೆ ಒಳಗೆ ಹೋಗಿ ಅವಳನ್ನು ಕರ್ಕೊಂಡು ಬಾ. ಅವಳಿಗೆ ಹುಷಾರಿಲ್ಲ ಅಂತ ನೀನೇ ಹೇಳು," ಎಂದ. ಅಲ್ಲಾಡಲಿಲ್ಲ ನಾನು. ಆಗ ತೆಮ್ವಾಳ ತೋಳು ಹಿಡಿದ. ಮಗು ಕಿರುಚಿತು. ಕಾವಲುಗಾರ ಎದ್ದು ಬಂದ. ಖುಂಬೊ ಕೈ ಬಿಟ್ಟು, ಅಂಗಿ ಸರಿಮಾಡಿಕೊಂಡು, ಎಲ್ಲರಿಗೂ ನಕ್ಕು, "ಮನೆ ಜಗಳ," ಎಂದು ಹೇಳಿ ಹೋದ. ಆ ನಗು ಅವನ ಅಪ್ಪನದು. ಅದನ್ನು ನಿನಗೆ ಹೇಳಲು ನಾಚಿಕೆಯಾಯಿತು. ಅವನನ್ನು ಬೆಳೆಸಿದವಳು ನಾನು. ಅಪ್ಪ ಮಾಡುತ್ತಿದ್ದದ್ದನ್ನೆಲ್ಲ ಮಗನಿಗೆ ಪ್ರೀತಿ ಎಂದು ಹೇಳಿಕೊಟ್ಟವಳೂ ನಾನೇ.

ನಾಲ್ಕು ದಿನ ಬಿಟ್ಟು ಇಲ್ಲಿಗೆ ಬಂದ. ನಿನ್ನೆಯ ತನಕ ಜಗಲಿಯಲ್ಲೇ ಕುಳಿತಿದ್ದ. ಲಾರಿಯ ಸಂಗತಿ ಹೇಳಿದೆ. "ಅಪ್ಪ ಹಾಗಿರಲಿಲ್ಲ. ನಿನಗೆ ವಯಸ್ಸಾಯ್ತು, ಏನೇನೋ ನೆನಪು," ಎಂದ. ಯಾರು ನಿಜ ಹೇಳಿದರೂ ಅವನಿಗೆ ಅವರ ತಲೆ ಕೆಟ್ಟಿದೆ. ನಿನ್ನೆ ಸಂಜೆ, "ಅವಳು ಎಲ್ಲಿ ಮಲಗ್ತಾಳೆ? ಒಬ್ಬಳೇನಾ?" ಎಂದು ಕೇಳಿದ. ನಾನು ಎದ್ದು ಒಳಗೆ ಹೋದೆ.

ಇವತ್ತು ಬೆಳಗಿನ ಬಸ್ಸಿಗೆ ಹೋದ. ಎಲ್ಲಿಗೆಂದು ಹೇಳಲಿಲ್ಲ. ಸಿಗ್ನಲ್ ಸಿಗುವ ಬಂಡೆಯ ತನಕ ಹತ್ತಿ, ಶಾಲೆಯ ಟೀಚರಿನ ಫೋನಿನಿಂದ ಲಿಗ್ನೆಟ್‌ಗೆ ಏಳು ಸಲ ಮಾಡಿದೆ, ಹೋಗಲಿಲ್ಲ. ಈ ಕಾಗದ ಅವನಿಗಿಂತ ಮೊದಲು ತಲುಪುವುದಿಲ್ಲ ಎಂದು ಗೊತ್ತು. ಆದರೂ ಬರೆಯುತ್ತಿದ್ದೇನೆ. ಒಬ್ಬಳೇ ಇರಬೇಡ. ಬೇಗ ಬರೆ.

ಎಸ್ನಾತ್

*

ಚಿಸೊಂಗೊ ದಂಡೆ
26 ಏಪ್ರಿಲ್ 2015

ಪ್ರೀತಿಯ ಅತ್ತೆ,

ನೀವು ಎಣಿಸಿದ ಹಾಗೆಯೇ ಆಯಿತು. ಅವರು ಮೊದಲು ಬಂದರು, ನಿಮ್ಮ ಕಾಗದ ಮೂರು ವಾರ ತಡವಾಗಿ ಬಂತು. ನಾವಿಬ್ಬರೂ ಚೆನ್ನಾಗಿದ್ದೇವೆ. ಇದನ್ನು ಮೊದಲು ಓದಿಕೊಳ್ಳಿ, ಆಮೇಲೆ ಮುಂದಿನದು.

ಬಂದ ಮೇಲೆ ವಾರಗಟ್ಟಲೆ ಅವರು ನನ್ನ ಹತ್ತಿರ ಸುಳಿಯಲಿಲ್ಲ. ಅಂಗಡಿಯ ಹತ್ತಿರ ಕಂಡರು, ಚರ್ಚಿನ ಹಿಂದಿನ ಸಾಲಿನಲ್ಲಿ ಕಂಡರು. ನೋಡುತ್ತಾರೆ, ಅಷ್ಟೇ. ಅಬಿತಿ ಸೈದಿಯ ಹೆಣ್ಣುಮಕ್ಕಳು ಸರದಿಯ ಮೇಲೆ ನಮ್ಮ ಕೋಣೆಯಲ್ಲಿ ಮಲಗುತ್ತಿದ್ದಾರೆ. ಲಿಗ್ನೆಟ್ ನನಗೆ ಹಳೆಯ ಫೋನೊಂದನ್ನು ಕೊಟ್ಟಿದ್ದಾಳೆ.

ಕಳೆದ ಭಾನುವಾರ ದಂಡೆಯ ಮಾವಿನ ಮರದಡಿ ನನ್ನ ವಾರ್ಡಿನ ಜನರ ಸಭೆ ಕರೆದಿದ್ದೆ. ಮೀನಿನವರಿಗೆ ಬೇರೆ ಜಾಗ ಹುಡುಕಬೇಕಿತ್ತು. ಇಷ್ಟೊಂದು ಜನ ಬರುತ್ತಾರೆಂದು ಎಣಿಸಿರಲಿಲ್ಲ. ಪ್ರಶ್ನೆ ಕೇಳುವವರು ಕೈ ಎತ್ತಿ ಎಂದೆ, ನಾಲ್ಕು ಕೈ ಮೇಲೆದ್ದವು. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು: "ನನ್ನದೊಂದು ಪ್ರಶ್ನೆ."

ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದರು. ಎಲ್ಲರೂ ಅವರತ್ತ ತಿರುಗಿದರು, ಆಮೇಲೆ ನನ್ನತ್ತ. ನನ್ನ ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿತು. ಮಾತ್ರೆ ನುಂಗಿದ ದಿನಗಳ ಹಾಗೆಯೇ ಇತ್ತು ಅತ್ತೆ. ಓಡಿಹೋಗಬೇಕು ಅನಿಸಿತು. ಓಡಿದರೆ ಅವರು ಹೇಳಿದ್ದೆಲ್ಲ ನಿಜವಾಗುತ್ತಿತ್ತು.

"ನಿಮಗಿಂತ ಮುಂಚೆ ನಾಲ್ಕು ಜನ ಕೈ ಎತ್ತಿದ್ದಾರೆ. ಕೂತ್ಕೊಳ್ಳಿ, ನಿಮ್ಮ ಸರದಿ ಬರುತ್ತೆ," ಅಂದೆ.

ಅವರು ನಿಂತೇ ಇದ್ದರು. ನಾನೂ ನಿಂತೇ ಇದ್ದೆ. ಪಕ್ಕದಲ್ಲಿದ್ದ ಮುದುಕನೊಬ್ಬ ಸ್ವಲ್ಪ ಸರಿದು ಮರಳಿನ ಮೇಲೆ ಜಾಗ ಮಾಡಿಕೊಟ್ಟ. ನಿಮ್ಮ ಮಗ ಕೂತರು.

ಮೊದಲನೆಯವಳು ಏನು ಕೇಳಿದಳೋ ನನಗೆ ಕೇಳಿಸಲೇ ಇಲ್ಲ. ಮೂರು ಸಲ ಹೇಳಿಸಿದೆ. ಎರಡನೆಯದು ದೋಣಿಗಳದು, ಮೂರನೆಯದು ಶಾಲೆಯದು. ನಾಲ್ಕನೆಯವಳಿಗೆ ಉತ್ತರ ಹೇಳಿ ಮುಗಿಸಿ, "ಖುಂಬೊ ಗೊಂಡ್ವೆ," ಎಂದು ಕರೆದೆ. ಮುದುಕನ ಪಕ್ಕ ಯಾರೂ ಇರಲಿಲ್ಲ. ಬಸ್ ನಿಲ್ದಾಣದ ಕಡೆ ಹೋದರು ಎಂದು ಒಬ್ಬರು ಹೇಳಿದರು. ಇಲ್ಲ, ಕ್ಲಿನಿಕ್ಕಿನ ಕಡೆ ಎಂದು ಇನ್ನೊಬ್ಬರು. ಅಬಿತಿ ಸೈದಿ ಎದ್ದು, ಕ್ಲಿನಿಕ್ಕಿನಲ್ಲಿ ಲಿಗ್ನೆಟ್ ಬಳಿ ಬಿಟ್ಟು ಬಂದಿದ್ದ ತೆಮ್ವಾಳ ಹತ್ತಿರ ಹೊರಟಳು.

ನಾನು ಇನ್ನೊಮ್ಮೆ ಅವರ ಹೆಸರು ಕರೆದೆ. ಆಮೇಲೆ ಮುಂದಿನವರನ್ನು ಕರೆದೆ.

ನಿಮ್ಮ
ಎನೆಲೆಸಿ